ಪ್ರತಿ: ಆರ್ದ್ರಾ ನಕ್ಷತ್ರದ ಪ್ರಕಾಶ ನನ್ನ ಲೆಕ್ಕದಲ್ಲಿ ಯಾವಾಗ್ಲೂ ಜಾಸ್ತಿ ಬರುತ್ತೆ, ಯಾಕೆ?

ಬರಿಗಣ್ಣಲ್ಲಿ ಆರ್ದ್ರಾದ (ಬೆಟೆಲ್‌ಗ್ಯೂಸ್, ಹೊಳಪು ಬದಲಾಗ್ತಾ ಇರೋ ಕೆಂಪು ನಕ್ಷತ್ರ) ಹೊಳಪು ಅಂದಾಜು ಮಾಡಿದಾಗ ನಿಮಗೆ ಬೇರೆಯವರಿಗಿಂತ ಅರ್ಧ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಅಂಕಿ ಕಮ್ಮಿ ಇದ್ದಷ್ಟೂ ಹೊಳಪು ಜಾಸ್ತಿ) ಹೆಚ್ಚು ಹೊಳಪಾಗಿ ಬರ್ತಿದೆ ಅಂದ್ರೆ ಬಹುಶಃ ನೀವು ತುಂಬಾ ಹೊತ್ತು ದಿಟ್ಟಿಸಿ ನೋಡ್ತಿದೀರ, ಕೆಂಪು ನಕ್ಷತ್ರನ ನೋಡ್ತಾ ಇದ್ದಷ್ಟೂ ಅದು ಕಣ್ಣಿಗೆ ಇನ್ನೂ ಹೊಳೆಯೋ ಹಾಗೆ ಕಾಣ್ಸುತ್ತೆ. ಮೊದ್ಲು 20 ನಿಮಿಷ ಕತ್ತಲಿಗೆ ಕಣ್ಣು ಹೊಂದಿಸ್ಕೊಳ್ಳಿ. ಆಮೇಲೆ ಆರ್ದ್ರಾನ ಒಂದೇ ಕ್ಷಣ ನೋಡಿ ತಕ್ಷಣ 0.4 ಮ್ಯಾಗ್ನಿಟ್ಯೂಡಿನ ಪ್ರೊಸಿಯಾನ್ ನಕ್ಷತ್ರದ ಕಡೆ, ಮತ್ತೆ 0.9ರ ರೋಹಿಣಿ ಕಡೆ ಕಣ್ಣು ಹಾಯ್ಸಿ, ಎರಡರ ನಡುವೆ ಎಲ್ಲಿ ಕೂರುತ್ತೆ ಅಂತ ಅಂದಾಜು ಮಾಡಿ, ಹೀಗೇ ಮೂರ್ನಾಲ್ಕು ಸಲ. ರೋಹಿಣಿನೂ ಕೆಂಪು ಛಾಯೆದೇ ಆಗಿರೋದ್ರಿಂದ ಹೋಲಿಕೆ ಸುಲಭ. ಮೂರೂ ಸುಮಾರು ಒಂದೇ ಎತ್ತರಕ್ಕೆ ಬರೋವರೆಗೂ ಕಾಯಿರಿ, ದಿಗಂತದ ಹತ್ರ ಇರೋದು ಮಂಕಾಗಿರುತ್ತೆ, ಇದನ್ನ ತುಂಬಾ ಜನ ಮರೀತಾರೆ. ನೋಡೋ ಮುಂಚೆ ಹಳೇ ಅಂದಾಜು ತೆಗೆದು ಓದ್ಬೇಡಿ. ಇಷ್ಟು ಮಾಡಿದ್ಮೇಲೂ 0.2 ಆಚೀಚೆ ಬಂದ್ರೆ ಬರಿಗಣ್ಣಿಗೆ ಅದು ಸಹಜ, ಹಾಗೇ ಬರ್ಕೊಳ್ಳಿ.