ಕಾಲಿಗೆ ಬೀಳಲೇಬೇಕಾ?

ಪತ್ರ: ಅಪ್ಪ ಅಮ್ಮ ಹೋದ ಮೇಲೆ ಸೋದರಮಾವನ ಮನೆಯಲ್ಲಿ ಐದು ವರ್ಷ ಇದ್ದೆ. ಅವರು ಕಾದ ಸೌಟಿನಲ್ಲಿ ಎಳೆದ ಬರೆ ಬೆನ್ನ ಮೇಲೆ ಇನ್ನೂ ಇದೆ. ಶಾಲೆಯ ಟೀಚರೊಬ್ಬರು ಅದನ್ನು ನೋಡಿ, ಓಡಾಡಿ ಬಾಲಮಂದಿರಕ್ಕೆ ಸೇರಿಸಿದರು. ಹದಿನೆಂಟಕ್ಕೆ ಹೊರಗೆ ಬಂದೆ. ಈಗ ನಲವತ್ತೊಂದು. ಮಾವನ ಎಪ್ಪತ್ತರ ಶಾಂತಿಗೆ ಬಂದು, ಹಳೆಯದೆಲ್ಲ ಮರೆತು ಕಾಲಿಗೆ ಬೀಳು ಎನ್ನುತ್ತಿದ್ದಾರೆ ನೆಂಟರು. ಮನಸ್ಸು ಒಪ್ಪುತ್ತಿಲ್ಲ. ನಾನು ಕಲ್ಲು ಮನಸ್ಸಿನವಳಾ?
(ಹೆಸರು ಬೇಡ, ದಾವಣಗೆರೆ)

ಉತ್ತರ: ತಂಗೀ, ನಿಮ್ಮ ಪೂರ್ತಿ ಪತ್ರ ಇಲ್ಲಿ ಹಾಕಿಲ್ಲ. ಆದರೆ ಅದರಲ್ಲಿ ನೀವು ಐದು ಸಲ ಕ್ಷಮೆ ಕೇಳಿದ್ದೀರಿ. ಎಣಿಸಿದೆ. ಅಕ್ಷರ ಚೆನ್ನಾಗಿಲ್ಲ ಕ್ಷಮಿಸಿ, ಪತ್ರ ಉದ್ದವಾಯಿತು ಕ್ಷಮಿಸಿ. ಅಕ್ಷರ ನನ್ನದಕ್ಕಿಂತ ಚೆನ್ನಾಗಿಯೇ ಇದೆ. ಕ್ಷಮೆ ಕೇಳಬೇಕಾದವರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುತ್ತಿದ್ದಾರೆ, ನೀವು ನನ್ನ ಹತ್ತಿರ ಕೇಳುತ್ತಿದ್ದೀರಿ. ಇದೊಂದಕ್ಕೆ ಮಾತ್ರ ನಿಮ್ಮನ್ನು ಬೈಯುತ್ತೇನೆ.

ನೆಂಟರ ಮಾತು ಪೂರ್ತಿ ಸುಳ್ಳಲ್ಲ. ಸಿಟ್ಟು ಹೊತ್ತು ತಿರುಗುವುದು ಭಾರವೇ. ಕ್ಷಮಿಸಿ ಹಗುರಾದವರನ್ನು ನಾನೂ ನೋಡಿದ್ದೇನೆ. ಆದರೆ ಅವರು ತಾವಾಗಿ ಕ್ಷಮಿಸಿದವರು. ಯಾರೂ ಅವರಿಗೆ ಮುಹೂರ್ತ ಇಟ್ಟು, ಎಲೆ ಹಾಕಿ ಕರೆದಿರಲಿಲ್ಲ.

ನಮ್ಮಲ್ಲಿ ಹೊಡೆತಕ್ಕೆ ಮರ್ಯಾದೆ ಜಾಸ್ತಿ. 'ಛಡಿ ಛಂ ಛಂ, ವಿದ್ಯಾ ಘಂ ಘಂ' ಎಂದು ಹಾಡಿಕೊಂಡೇ ಬೆಳೆದವರು ನಾವು. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ಮೇಷ್ಟ್ರಿಗೆ ಹೇಳಿದ್ದು ಒಂದೇ ಮಾತು: 'ಕಣ್ಣೊಂದು ಬಿಟ್ಟು ಎಲ್ಲಿಗೆ ಬೇಕಾದರೂ ಹೊಡೀರಿ.' ಮೇಷ್ಟ್ರು ಮಾತು ಉಳಿಸಿಕೊಂಡರು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯ ಬೆತ್ತವನ್ನೇನೋ ನಿಷೇಧಿಸಿತು. ಅಡುಗೆಮನೆಯ ಸೌಟಿನ ತಂಟೆಗೆ ಹೋಗುವವರು ಯಾರು? ಅದು 'ಮನೆ ವಿಷಯ' ಅಲ್ವಾ!

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ಕುಡಿತ ಎಲ್ಲ ಕಂಡ ಮಕ್ಕಳಲ್ಲೂ ಸುಮಾರು ಮೂರರಲ್ಲೊಬ್ಬರು ಚೆನ್ನಾಗಿಯೇ ಬೆಳೆದರು. ಅವರ ಬದುಕಿನಲ್ಲಿ ಅಜ್ಜಿಯೋ, ಟೀಚರೋ, ಪಕ್ಕದ ಮನೆಯವರೋ, ಯಾರೋ ಒಬ್ಬ ದೊಡ್ಡವರು ಕೈ ಹಿಡಿದಿದ್ದರು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲೂ ಬಹಳ ಮಂದಿ ಮೂವತ್ತು, ನಲವತ್ತರ ಹೊತ್ತಿಗೆ ಸುಧಾರಿಸಿಕೊಂಡಿದ್ದರು. ನಲವತ್ತೊಂದು ತಡವೇನಲ್ಲ.

ಇಂಗ್ಲಿಷ್ ಕವಿ ಲೆಮ್ ಸಿಸೇ ಹುಟ್ಟಿದ್ದು 1967ರಲ್ಲಿ. ತಾಯಿ ಇಥಿಯೋಪಿಯಾದಿಂದ ಓದಲು ಬಂದ ಹುಡುಗಿ. ಸ್ವಲ್ಪ ಕಾಲ ನೋಡಿಕೊಳ್ಳಿ ಎಂದು ಮಗುವನ್ನು ಒಪ್ಪಿಸಿದರೆ, ಇಂಗ್ಲೆಂಡಿನ ಸಮಾಜ ಕಲ್ಯಾಣ ಅಧಿಕಾರಿ ಅದಕ್ಕೆ ನಾರ್ಮನ್ ಎಂದು ಹೆಸರಿಟ್ಟು ಬೇರೆ ಮನೆಯಲ್ಲಿ ಬೆಳೆಯಲು ಕೊಟ್ಟ. ಹುಡುಗನಿಗೆ ಹನ್ನೆರಡಾದಾಗ ಆ ಮನೆಯವರು ನಮಗೆ ಬೇಡ ಎಂದರು. ಆಮೇಲೆ ಒಂದಾದ ಮೇಲೊಂದು ಮಕ್ಕಳ ಮಂದಿರ. ತನ್ನ ನಿಜವಾದ ಹೆಸರು ಲೆಮ್ ಎಂಬುದು, ಮಗನನ್ನು ವಾಪಸ್ ಕೊಡಿ ಎಂದು ತಾಯಿ 1968ರಲ್ಲೇ ಕಾಗದ ಬರೆದಿದ್ದಳು ಎಂಬುದು ಹುಡುಗನಿಗೆ ಗೊತ್ತಾದದ್ದು ಅಲ್ಲಿಂದ ಹೊರಬೀಳುವಾಗ. ಪೂರ್ತಿ ಫೈಲು ಕೈಗೆ ಬಂದದ್ದು 2015ರಲ್ಲಿ. ಅದೇ ವರ್ಷ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕುಲಾಧಿಪತಿಯೂ ಆದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಮಂದಿರಗಳಿಂದ ಹೊರಬಂದು, ಹಬ್ಬಕ್ಕೆ ಹೋಗಲು ಮನೆಯಿಲ್ಲದ ಹುಡುಗ ಹುಡುಗಿಯರಿಗೆ 2013ರಿಂದ ಅವರು ಕ್ರಿಸ್ಮಸ್ ಊಟ ಹಾಕಿಸುತ್ತಿದ್ದಾರೆ. ಎಲೆ ಹಾಕಿ ಕರೆದರೆ ಹೀಗೆ ಕರೆಯಬೇಕು.

ನಮ್ಮಲ್ಲಿ? ಹದಿನೆಂಟು ತುಂಬಿದವರಿಗೆ 21ರವರೆಗೂ ಆಸರೆ ಕೊಡಬಹುದು ಎನ್ನುತ್ತದೆ 2015ರ ಬಾಲ ನ್ಯಾಯ ಕಾಯ್ದೆ. ಮಕ್ಕಳನ್ನು ಮನೆಯಲ್ಲಿಟ್ಟು ಸಾಕುವ ಫಾಸ್ಟರ್ ಕೇರ್ ಕೂಡ ಅದರಲ್ಲಿದೆ. 2024ರ ಹೊಸ ಮಾರ್ಗಸೂಚಿಯಲ್ಲಿ ಒಂಟಿಯಾಗಿರುವವರಿಗೂ ಅವಕಾಶ ಸಿಕ್ಕಿದೆ. ಹುಟ್ಟುಹಬ್ಬಕ್ಕೆ ಅನಾಥಾಶ್ರಮಕ್ಕೆ ಹೋಗಿ ಬಾಳೆಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವ ನಮ್ಮವರ ಹತ್ತಿರ ಈ ವಿಷಯ ಎತ್ತಿ ನೋಡಿ. 'ಯಾವ ಜಾತಿಯೋ ಏನೋ' ಎಂದು ಮಾತು ತೇಲಿಸುತ್ತಾರೆ. ಇರಲಿ, ಬರೆಯಲು ಕೂತರೆ ಸಂಚಿಕೆ ಸಾಲದು.

ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೀರಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಬಾಲಮಂದಿರದ ಫೈಲನ್ನೂ ಕೇಳಿ ನೋಡಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ.

ಶಾಂತಿಗೆ ಹೋಗಬೇಡಿ. ಯಾರಾದರೂ ಕೇಳಿದರೆ ಸಂಪಾದಕರು ಬೇಡ ಅಂದರು ಎನ್ನಿ, ಬೈಗುಳ ನನಗಿರಲಿ. ಅಂದಹಾಗೆ, ಬರೆ ನೋಡಿ ಸುಮ್ನಿರದ ಆ ಟೀಚರ್ ಈಗ ಎಲ್ಲಿದ್ದಾರೆ? ನಿಮ್ಮ ಪತ್ರದಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಸಾಲು. ಮುಂದಿನ ಪತ್ರದಲ್ಲಿ ಅವರ ಬಗ್ಗೆ ಬರೆಯಿರಿ. ಎಷ್ಟು ಉದ್ದವಾದರೂ ಸರಿ.

ಸಂಪಾದಕ