ಬಟ್ಟಲು ಅರ್ಧವೇ ತುಂಬಿದ್ದರೆ ಬೇಜಾರಾಗಬೇಡಿ

ಶಿಡ್ಲಘಟ್ಟದ ಮೇಷ್ಟ್ರೇ, ನಮಸ್ಕಾರ.

ನಮ್ಮ ಪತ್ರಿಕೆಯ ಉಜ್ಬೇಕಿಸ್ತಾನ ಲೇಖನದ ಬಗ್ಗೆ ನೀವು ಬರೆದ ನಾಲ್ಕು ಪುಟದ ಪತ್ರ ಬಂತು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಆದರೆ ನೀವು ಬೈದದ್ದನ್ನೂ ಬಿಟ್ಟುಬಿಟ್ಟರೆ ಈ ಉತ್ತರಕ್ಕೆ ತಲೆಬುಡ ಇರುವುದಿಲ್ಲ. "ಸಮರ್ಕಂದದ ಗುಮ್ಮಟ, ಬುಖಾರಾದ ಮಿನಾರು ಅಂತ ಎಂಟು ಪುಟ ತುಂಬಿಸಿದ್ದೀರಿ. ಆ ದೇಶದಲ್ಲಿ ಹಳ್ಳಿಗಳೇ ಇಲ್ಲವೋ, ನಿಮ್ಮ ಲೇಖಕರಿಗೆ ಹೋಗೋಕೆ ಪುರಸೊತ್ತಿರಲಿಲ್ಲವೋ?" ತಪ್ಪು ನಮ್ಮದೇ. ಫೋಟೊ ಚೆನ್ನಾಗಿತ್ತು, ಆ ನೀಲಿ ಬಣ್ಣ ಅಚ್ಚಿನಲ್ಲಿ ಎದ್ದು ಕಾಣುತ್ತೆ, ಪುಟ ತುಂಬಿತು, ನಾವು ಸುಮ್ಮನಾದೆವು. ಉಜ್ಬೇಕಿಸ್ತಾನದ ಸುಮಾರು ಅರ್ಧ ಜನ ಇವತ್ತಿಗೂ ಹಳ್ಳಿಗಳಲ್ಲೇ ಇದ್ದಾರೆ. ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನು ನೀವು ಕೇಳಿದ್ದು. ಬರುವ ಮೇ ತಿಂಗಳಲ್ಲಿ ನೀವೂ ಮನೆಯವರೂ ಹೊರಟಿದ್ದೀರಿ, ಯಾವುದಾದರೂ ಹಳ್ಳಿಯಲ್ಲಿ ನಾಲ್ಕು ದಿನ ಇರಬಹುದಾ, ಮಾಂಸ ಮುಟ್ಟದವರು ಏನು ತಿನ್ನೋದು, ರೇಷ್ಮೆ ಹುಳ ಸಾಕುವುದನ್ನು ನೋಡಬಹುದಾ. ಜೊತೆಗೆ ನಿಮ್ಮ ಮಗನ ಸಲಹೆ: "ಗೆಸ್ಟ್ ಹೌಸ್ ಎಲ್ಲ ನಾಟಕ. ಸುಮ್ನೆ ಯಾವುದಾದರೂ ಹಳ್ಳಿಗೆ ನಡೆದು ಹೋಗಿ, ಅವರೇ ಮನೆಗೆ ಕರೀತಾರೆ, ಊಟ ಹಾಕ್ತಾರೆ, ದುಡ್ಡು ಮುಟ್ಟಲ್ಲ. ಯೂಟ್ಯೂಬ್‌ನಲ್ಲಿ ನೋಡಿದೀನಿ." ಇದು ನಿಜವಾ ಅಂತ ಕೇಳಿದ್ದೀರಿ.

ನಿಜ. ತೊಂದರೆ ಇರುವುದೇ ಅಲ್ಲಿ.

ನಾನು 2019ರ ಮೇ ತಿಂಗಳಲ್ಲಿ ಹೋಗಿದ್ದೆ, ಸ್ವಂತ ಖರ್ಚಿನಲ್ಲಿ. ಪತ್ರಿಕೆಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು. ತಾಷ್ಕೆಂಟಿನಿಂದ ಮರ್ಗಿಲಾನಿಗೆ ರೈಲು. 2016ರಲ್ಲಿ ತೆರೆದ 19 ಕಿಲೋಮೀಟರ್ ಉದ್ದದ ಸುರಂಗ ದಾಟಿದರೆ ಫರ್ಗಾನಾ ಕಣಿವೆ. ಅಲ್ಲಿ ಇಡೀ ದಿನಕ್ಕೆ ಒಂದು ಡಮಾಸ್ ಬಾಡಿಗೆಗೆ ಹಿಡಿದೆ. ಡಮಾಸ್ ಅಂದರೆ ನಮ್ಮ ಮಾರುತಿ ಓಮ್ನಿಯ ದಾಯಾದಿ, ಎರಡೂ ಸುಜುಕಿ ಕ್ಯಾರಿ ವ್ಯಾನಿನ ವಂಶದವು. ಸಣ್ಣ ಊರುಗಳ ಓಡಾಟ ಬಹುಪಾಲು ಅದರಲ್ಲೇ. ಚಾಲಕನನ್ನು ಎಲ್ಲರೂ "ಅಕಾ" ಅನ್ನುತ್ತಿದ್ದರು. ಅಣ್ಣ ಅಂತ ಅರ್ಥ. ಅಷ್ಟು ದಪ್ಪ ಮೀಸೆಯ ಗಂಡಸನ್ನು ಊರಿಗೆ ಊರೇ ಅಕ್ಕಾ ಅಂತ ಕರೆದ ಹಾಗೆ ಕೇಳಿಸಿ, ನಗು ತಡೆದುಕೊಳ್ಳುವುದೇ ಒಂದು ಕೆಲಸವಾಯಿತು.

ಕಾಲುವೆ ಬದಿಯಲ್ಲಿ ಅಜ್ಜನೊಬ್ಬ ಹಿಪ್ಪುನೇರಳೆ ಮರದಿಂದ ಕೊಂಬೆ ಕಡಿದು ಹೊರೆ ಕಟ್ಟುತ್ತಿದ್ದ. ಗಾಡಿ ನಿಲ್ಲಿಸಿ ನೋಡುತ್ತಾ ನಿಂತೆ. ಎಲ್ಲಿಂದ ಅಂತ ಕೇಳಿದ. ಹಿಂದಿಸ್ತೋನ್ ಅಂದೆ. "ರಾಜ್ ಕಪೂರ್!" ಅಂದ. ಆ ವಯಸ್ಸಿನವರು ಅಲ್ಲಿ ಹಾಗೇ ಅನ್ನುತ್ತಾರೆ, ನಾವು ಅದಕ್ಕೆ ಏನೂ ಮಾಡಬೇಕಿಲ್ಲ. ಆಮೇಲೆ ಬಲಗೈ ಎದೆಯ ಮೇಲಿಟ್ಟು ತನ್ನ ಗೇಟಿನ ಕಡೆ ತೋರಿಸಿದ. ಅಕಾ ಹೇಳಿದ, ಐದು ನಿಮಿಷ, ಚಹಾ ಅಷ್ಟೇ.

ಮೂರು ಗಂಟೆ ಆಯಿತು.

ಅಂಗಳದಲ್ಲಿ ದ್ರಾಕ್ಷಿ ಚಪ್ಪರ, ಅದರ ಕೆಳಗೆ ತಪ್ಚಾನ್. ಇಡೀ ಮನೆಯವರು ಹತ್ತಿ ಕೂರಬಹುದಾದಷ್ಟು ದೊಡ್ಡ ಮಂಚ ಅಂದುಕೊಳ್ಳಿ. ಹುಡುಗನೊಬ್ಬ ಹೂಜಿಯಿಂದ ಕೈಗೆ ನೀರು ಹಾಕಿದ. ನಾನು ಅಭ್ಯಾಸಬಲದಿಂದ ಕೈ ಕೊಡವಿದೆ, ಹನಿ ಸಿಡಿಯಿತು. ಹಾಗೆ ಕೊಡವಬಾರದಂತೆ, ಅವರು ಕೊಟ್ಟ ಟವೆಲಿನಲ್ಲೇ ಒರೆಸಿಕೊಳ್ಳಬೇಕಂತೆ. ಬಾಗಿಲಿಂದ ದೂರದ ಜಾಗದಲ್ಲಿ ಕೂರಿಸಿದರು, ಅದು ದೊಡ್ಡವರ ಜಾಗ. ಊಟದ ಬಟ್ಟೆ, ದಸ್ತರ್‌ಖಾನ್, ಹಾಸಿ ನೋನ್, ಒಣ ಏಪ್ರಿಕಾಟ್, ಅಕ್ರೋಟು, ಕಲ್ಲುಸಕ್ಕರೆ ಇಟ್ಟರು. ನೋನ್ ಅಂದರೆ ನಾನ್ ರೊಟ್ಟಿಯೇ, ಮಧ್ಯದಲ್ಲಿ ಅಚ್ಚು ಒತ್ತಿರುತ್ತಾರೆ. ಒಂದು ತುಂಡು ತಿಂದು ಉಳಿದದ್ದನ್ನು ಕವುಚಿ ಇಟ್ಟೆ. ಅಜ್ಜಿ ಮಾತಾಡದೆ ಕೈಚಾಚಿ ಅದನ್ನು ಅಂಗಾತ ಮಾಡಿದಳು. ನಮ್ಮಲ್ಲಿ ಅನ್ನ ಚೆಲ್ಲಿದರೆ ಅಜ್ಜಿಯರು ನೋಡುತ್ತಾರಲ್ಲ, ಥೇಟ್ ಅದೇ ನೋಟ.

ಆಮೇಲೆ ಹಸಿರು ಚಹಾ. ಅಜ್ಜ ಮೊದಲ ಬಟ್ಟಲನ್ನು ಬಗ್ಗಿಸಿ ಮತ್ತೆ ಕುಡಿಕೆಗೇ ಸುರಿದ. ಹೀಗೆ ಮೂರು ಸಲ. ನಾಲ್ಕನೇ ಸಲ ಬಗ್ಗಿಸಿದ್ದು ನನಗೆ ಬಂತು. ಬಟ್ಟಲಿನ ತಳದಲ್ಲಿ ಒಂದಿಷ್ಟು, ಅರ್ಧವೂ ಇಲ್ಲ. ನಮ್ಮ ಬೈಟೂ ಕಾಫಿಯೇ ಇದಕ್ಕಿಂತ ಉದಾರ ಅನ್ನಿಸಿತು. ಒಂದೇ ಗುಟುಕಿಗೆ ಮುಗಿಸಿದೆ, ಅವನು ಮತ್ತೆ ಅಷ್ಟೇ ಹಾಕಿದ. ಮತ್ತೆ ಮುಗಿಸಿದೆ, ಮತ್ತೆ ಅಷ್ಟೇ. ಬಿಸಿಲಲ್ಲಿ ಬಂದಿದ್ದೆ, ಬಾಯಾರಿತ್ತು. ಬಟ್ಟಲಿನ ಅಂಚು ತೋರಿಸಿ, ತುಂಬಾ ಹಾಕಿ ಅಂತ ಸನ್ನೆ ಮಾಡಿದೆ. ಅಕಾನ ಮುಖ ಇಳಿದುಹೋಯಿತು. ಅಜ್ಜ ಒಂದು ಕ್ಷಣ ನನ್ನನ್ನೇ ನೋಡಿ, ಜೋರಾಗಿ ನಕ್ಕು, ಮೊದಲಿನಷ್ಟೇ ಹಾಕಿದ. ಸ್ವಲ್ಪ ಸ್ವಲ್ಪ ಹಾಕಿದರೆ, ಕೂತಿರಿ, ನಿಮಗೆ ಮತ್ತೆ ಮತ್ತೆ ಬಗ್ಗಿಸಿ ಕೊಡುವುದು ನಮಗಿಷ್ಟ ಅಂತ ಅರ್ಥ. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ಹೊರಡಿ ಅಂತ. ನನ್ನನ್ನು ಮನೆಯಿಂದ ಓಡಿಸಿ ಅಂತ ನಾನೇ ಕೇಳಿಕೊಂಡಿದ್ದೆ.

ಇಲ್ಲಿಯವರೆಗೆ ನಗಬಹುದು. ಮುಂದಿನದನ್ನು ಮಗನಿಗೂ ಓದಿ ಹೇಳಿ.

ಊಟ ಮಾಡಿಯೇ ಹೋಗಬೇಕು ಅಂದರು. ಮಾಂಸ ಬೇಡ ಅನ್ನೋದಕ್ಕೆ ನನಗೆ ತೋಚಿದ್ದು ಹಿಂದಿ. "ಸಬ್ಜಿ, ಸಬ್ಜಿ" ಅಂದೆ. ಎಲ್ಲರೂ ಸಂತೋಷದಿಂದ ತಲೆಯಾಡಿಸಿದರು. ಅಲ್ಲಿ ಸಬ್ಜಿ ಅಂದರೆ ಕ್ಯಾರೆಟ್! ಪಲಾವಿಗೆ ಹೇಗೂ ಕ್ಯಾರೆಟ್ ಧಾರಾಳವಾಗಿ ಹಾಕುತ್ತಾರೆ, ಹಾಗಾಗಿ ಅತಿಥಿ ಪಲಾವ್ ಕೇಳುತ್ತಿದ್ದಾನೆ ಅಂದುಕೊಂಡರು. ಹುಡುಗ ಸೈಕಲ್ ಹತ್ತಿ ಹೋದ, ಕಪ್ಪು ಕವರ್ ಹಿಡಿದು ವಾಪಸ್ ಬಂದ. ಒಂದೂವರೆ ಗಂಟೆ ಆದಮೇಲೆ ದೊಡ್ಡ ತಟ್ಟೆಯಲ್ಲಿ ಪಲಾವ್ ಬಂತು. ಕುರಿಮಾಂಸವನ್ನೆಲ್ಲ ಒಟ್ಟುಮಾಡಿ ನನ್ನ ಕಡೆಗೇ ಇಟ್ಟಿದ್ದರು. ಅಕಾ ಕೈಕಾಲು ಹಿಡಿದವನ ಹಾಗೆ ಏನೇನೋ ವಿವರಿಸಿದ. ಸಂಕೋಚ ಪಡುತ್ತಿದ್ದಾರೆ ಅಂತ ಅವರು ಇನ್ನೂ ಎರಡು ತುಂಡು ನನ್ನ ಕಡೆ ತಳ್ಳಿದರು. ಅಂಚಿನಲ್ಲಿದ್ದ ಕ್ಯಾರೆಟ್ ಎಳೆಗಳನ್ನು ಆರಿಸಿ ತಿಂದೆ. ಅದೂ ಅದೇ ಕೊಬ್ಬಿನಲ್ಲಿ ಬೆಂದದ್ದು ಅಂತ ಗೊತ್ತಿದ್ದೂ ತಿಂದೆ, ಮೇಷ್ಟ್ರೇ. ಆ ಅಜ್ಜಿಯ ಮುಂದೆ ನಿಮ್ಮಿಂದಲೂ ಬೇರೇನೂ ಆಗುತ್ತಿರಲಿಲ್ಲ.

ಹೊರಡುವಾಗ ದುಡ್ಡು ತೆಗೆದೆ. ಅಜ್ಜ ಎದೆಗೆ ಕೈ ಇಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಗಾಡಿಯಲ್ಲಿ ಅಕಾ ಸ್ವಲ್ಪ ದೂರ ಸುಮ್ಮನಿದ್ದು ಆಮೇಲೆ ಹೇಳಿದ, ಹುಡುಗ ಮಾಂಸ ತಂದದ್ದು ದಫ್ತರಿಗೆ ಬರೆಸಿ ಅಂತ. ಅದೇ ಸ್ವಾಮಿ, ಅಂಗಡಿಯ ಸಾಲದ ಪುಸ್ತಕ. ರೇಷ್ಮೆಗೂಡು ಮಾರಿ ದುಡ್ಡು ಬರುವುದಕ್ಕೆ ಇನ್ನೂ ದಿನ ಇತ್ತಂತೆ. ಸಾಲದಲ್ಲಿ ತಂದ ಮಾಂಸ, ಮಾಂಸ ತಿನ್ನದವನಿಗೆ. ಗಾಡಿ ತಿರುಗಿಸಿ ವಾಪಸ್ ಹೋದೆವು. ಅಕಾ ಹೇಳಿಕೊಟ್ಟ ಹಾಗೆ ಹುಡುಗನ ಕೈಗೆ, ಮಿಠಾಯಿಗೆ ಅಂತ ಹೇಳಿ ದುಡ್ಡು ಕೊಟ್ಟೆ. ಅದು ಅಂಗಡಿಗೆ ತಲುಪಿತೋ ಮಿಠಾಯಿಯೇ ಆಯಿತೋ ದೇವರಿಗೇ ಗೊತ್ತು.

ಅವರು ಕರೆಯುವುದು ಸುಳ್ಳಲ್ಲ. ಕರೆಯದೆ ಇರಲು ಅವರಿಗೆ ಆಗುವುದಿಲ್ಲ, ನಾವು ದಾರಿಯಲ್ಲಿ ನಿಂತರೆ ಅವರ ಕೈ ಕಟ್ಟಿಹಾಕಿದ ಹಾಗೆ. ನಿಮ್ಮ ಮಗ ನೋಡಿದ ವಿಡಿಯೋದಲ್ಲಿ ಪಲಾವಿನ ತಟ್ಟೆ ಇರುತ್ತೆ, ಅಂಗಡಿಯ ದಫ್ತರ್ ಇರುವುದಿಲ್ಲ. ದುಡ್ಡಿಲ್ಲದ ಇಪ್ಪತ್ತರ ಹುಡುಗ ಒಂದು ರಾತ್ರಿ ಹಾಗೆ ಉಳಿದರೆ ಹೋಗಲಿ ಅನ್ನಬಹುದು. ಪಿಂಚಣಿ ಬರುವ ನೀವು ಯಾಕೆ ಆ ಕೆಲಸ ಮಾಡಬೇಕು? ಇನ್ನೊಂದು ವಿಷಯವೂ ಇದೆ. ವಿದೇಶಿಯರು ಬಂದ ಮೂರು ದಿನದೊಳಗೆ ಉಳಿದ ಜಾಗದ ನೋಂದಣಿ ಆಗಬೇಕು ಅಂತ ಅಲ್ಲಿ ನಿಯಮವಿದೆ. ಹೋಟೆಲು, ಗೆಸ್ಟ್ ಹೌಸ್‌ನವರು ತಾವೇ ಮಾಡಿಕೊಡುತ್ತಾರೆ. ಯಾರದೋ ಮನೆಯಲ್ಲಿ ಉಳಿದರೆ ಆ ತಲೆನೋವೂ ಆ ಮನೆಯವರದೇ. ಯಾರಾದರೂ ಕರೆದರೆ ಚಹಾಕ್ಕೆ ಹೋಗಿ, ಹೋಗದಿದ್ದರೂ ಬೇಜಾರು ಮಾಡಿಕೊಳ್ಳುತ್ತಾರೆ. ಎರಡು ನೋನ್, ಒಂದಿಷ್ಟು ಮಿಠಾಯಿ ಹಿಡಿದು ಹೋಗಿ. ಊಟದ ಮಾತು ಶುರುವಾಗುವ ಮೊದಲೇ ಎದ್ದುಬಿಡಿ. ಎರಡು ಸಲ ಬೇಡ ಅಂದರೆ ಉಪಚಾರ ಅಂದುಕೊಳ್ಳುತ್ತಾರೆ, ಮೂರನೇ ಸಲವೂ ಹೇಳಬೇಕು. ಇದನ್ನು ನಿಮ್ಮ ಕಡೆಯವರಿಗೆ ಬೇರೆ ಹೇಳಿಕೊಡಬೇಕಾ.

ಗೆಸ್ಟ್ ಹೌಸ್ ನಾಟಕ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಸಮರ್ಕಂದದಿಂದ ಕಾರಿನಲ್ಲಿ ಮೂರು-ನಾಲ್ಕು ಗಂಟೆ ಹೋದರೆ ನುರಾಟಾ ಬೆಟ್ಟಸಾಲು. ಸೆಂಟೋಬ್, ಹಯೋತ್, ಉಹುಮ್, ಅಸ್ರಫ್ ಅನ್ನುವ ಸಣ್ಣ ಹಳ್ಳಿಗಳಿವೆ. ವಿಶ್ವಸಂಸ್ಥೆಯ ಒಂದು ಯೋಜನೆಯ ನೆರವಿನಿಂದ 2000ರ ದಶಕದಲ್ಲಿ ಅಲ್ಲಿನ ಕೆಲವು ಮನೆಯವರು ಅತಿಥಿಗಳಿಗೆ ಕೋಣೆ ಕೊಡಲು ಶುರುಮಾಡಿದರು. ಕಲ್ಲಿನ ಗೋಡೆ, ತೊರೆ, ಅಕ್ರೋಟಿನ ಮರ, ಬೆಟ್ಟದ ಮೇಲೆ 1975ರಿಂದ ಕಾಡುಕುರಿಗಳಿಗಾಗಿ ಮೀಸಲಿಟ್ಟ ಅರಣ್ಯ. ನಾನಿದ್ದ ಮನೆಯ ಯಜಮಾನ ಬೆಳಿಗ್ಗೆ ಕುರಿ ಬಿಟ್ಟುಬಂದು ನಮಗೆ ತಿಂಡಿ ಕೊಟ್ಟು ಮತ್ತೆ ತೋಟಕ್ಕೆ ಹೋಗುತ್ತಿದ್ದ. ಅವನ ಹೆಂಡತಿ ತಂದೂರಿನಲ್ಲಿ ರೊಟ್ಟಿ ಬಡಿಯುವುದು ನಮಗೆ ತೋರಿಸಲಿಕ್ಕಲ್ಲ, ಆ ಮನೆಗೆ ರೊಟ್ಟಿ ಬೇಕು ಅದಕ್ಕೆ. ಫೋಟೊ ತೆಗೀಲಾ ಅಂತ ಕೇಳಿದ್ದಕ್ಕೆ ಬೇಡ ಅಂದಳು, ಕ್ಯಾಮೆರಾ ಒಳಗಿಟ್ಟೆ. ರಾತ್ರಿ ಎಷ್ಟು ದಿನಕ್ಕೆ ಎಷ್ಟು ಅಂತ ಲೆಕ್ಕ ಹೇಳಿದಳು, ಕೊಟ್ಟೆ. ಇಬ್ಬರಿಗೂ ಹಗುರವಾಯಿತು. ಫರ್ಗಾನಾದ ಆ ಅಂಗಳಕ್ಕಿಂತ ಇಲ್ಲಿ ನಾನು ಜಾಸ್ತಿ ನಿರಾಳವಾಗಿ ಕೂತು ಮಾತಾಡಿದೆ.

ಮನೆಯವರಿಗೆ ಮಂಡಿನೋವು ಅಂತ ಬರೆದಿದ್ದೀರಿ. ಹಾಸಿಗೆ ನೆಲದ ಮೇಲೆ ಇರುತ್ತದೆ, ಕುರ್ಪಚಾ ಅಂತ ಹತ್ತಿಯ ಮೆತ್ತೆ. ಮಂಚ ಬೇಕು ಅಂತ ಮೊದಲೇ ಹೇಳಿಡಿ. ಎಷ್ಟೋ ಮನೆಗಳಲ್ಲಿ ಕಕ್ಕಸು ಅಂಗಳದ ಆಚೆ ತುದಿಯಲ್ಲಿ, ಕುಕ್ಕರಗಾಲಲ್ಲಿ ಕೂರುವಂಥದ್ದು. ಅದನ್ನೂ ಕೇಳಿಯೇ ಒಪ್ಪಿಕೊಳ್ಳಿ. ಟಾರ್ಚ್ ಇರಲಿ.

ಊಟಕ್ಕೆ ಒಂದು ಪದ ಬಾಯಿಪಾಠ ಮಾಡಿ: ಗೋಷ್ತ್‌ಸಿಜ್. ಮಾಂಸ ಇಲ್ಲದ್ದು ಅಂತ. ನುರಾಟಾ ಹಳ್ಳಿಗಳಲ್ಲಿ ಹಲವು ಕಡೆ ಮನೆಮಾತು ತಾಜಿಕ್, ಅಲ್ಲಿ "ಬೇ ಗೋಷ್ತ್". ಬರೀ ಇಷ್ಟು ಹೇಳಿದರೆ ಸಾಲದು, ಮಾಂಸದ ಸಾರಿನಿಂದ ತುಂಡು ತೆಗೆದು ಕೊಟ್ಟುಬಿಡುತ್ತಾರೆ. ಹಾಗಾಗಿ ಬುಕಿಂಗ್ ಮಾಡುವಾಗಲೇ ಬರೆಯಿರಿ. ನೋನ್, ಗಟ್ಟಿ ಮೊಸರು, ಟೊಮೆಟೊ ಈರುಳ್ಳಿಯ ಅಚ್ಚಿಚುಕ್, ವಸಂತದಲ್ಲಿ ಸೊಪ್ಪು ತುಂಬಿದ ಸೋಮ್ಸಾ, ಮರದಿಂದ ಉದುರುವ ಹಿಪ್ಪುನೇರಳೆ ಹಣ್ಣು ಸಿಗುತ್ತವೆ. ನಾಲ್ಕು ದಿನಕ್ಕೆ ತೊಂದರೆಯಿಲ್ಲ, ಐದನೇ ದಿನ ಖಾರ ನೆನಪಾಗುತ್ತೆ. ಚಟ್ನಿಪುಡಿ ಒಯ್ಯಿರಿ. ಭಾಷೆಗೆ ಹೆದರಬೇಡಿ. ಕಿತೋಬ್, ಬೋಜೋರ್, ಬೋದೋಮ್ ಎಲ್ಲ ನಿಮಗೆ ಗೊತ್ತಿರುವವೇ. ಅವರ ಮಹಲ್ಲಾವೇ ಮೈಸೂರಿನ ಮೊಹಲ್ಲಾ.

ಇನ್ನು ಹುಳ. ರೇಷ್ಮೆಯಲ್ಲಿ ಚೀನಾ, ಭಾರತ ಬಿಟ್ಟರೆ ಮೂರನೆಯವರು ಅವರೇ. ಗೂಡಿಗೆ ಅಲ್ಲಿ "ಪಿಲ್ಲಾ" ಅನ್ನುತ್ತಾರೆ, ನಿಮ್ಮ ಕಡೆ ತೆಲುಗು ಮಾತಾಡುವವರು ಕೇಳಿದರೆ ನಗಬಹುದು, ಅವರಿಗೆ ಪಿಲ್ಲ ಅಂದರೆ ಹುಡುಗಿ. ನಮ್ಮ ಹಾಗೆ ವರ್ಷಕ್ಕೆ ಐದಾರು ಬೆಳೆ ಅಲ್ಲ, ವಸಂತದ ಬೆಳೆಯೇ ಮುಖ್ಯ. ಹೊಲದಲ್ಲಿ ಕಡ್ಡಿ ನೆಟ್ಟ ಹಿಪ್ಪುನೇರಳೆ ತೋಟವೂ ಕಡಿಮೆ, ಕಾಲುವೆ ಉದ್ದಕ್ಕೂ ಮರಗಳು. ಕೊಂಬೆ ಸಮೇತ ತಂದು ಹಾಸುತ್ತಾರೆ. ಮನೆಯ ಒಂದು ಕೋಣೆಯನ್ನೇ ಹುಳಕ್ಕೆ ಬಿಟ್ಟುಕೊಟ್ಟಿರುತ್ತಾರೆ, ಕೆಲಸ ಬಹುಪಾಲು ಹೆಂಗಸರದು. ಆ ಅಜ್ಜಿ ನನ್ನನ್ನು ಕೋಣೆಯೊಳಗೆ ಬಿಡಲಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ, ದಿನಕ್ಕೆಷ್ಟು ಸಲ ಸೊಪ್ಪು ಹಾಕಿದರೂ ಸಾಲದ ಹೊತ್ತು, ಹೊರಗಿನವನನ್ನು ಯಾರು ಬಿಡುತ್ತಾರೆ. ಹುಳ ಸೊಪ್ಪು ಮೇಯುವುದನ್ನು ಹೊಸ್ತಿಲಲ್ಲಿ ನಿಂತು ಕೇಳಿಸಿಕೊಂಡೆ. ಆ ಶಬ್ದ ಹೇಗಿರುತ್ತೆ ಅಂತ ನಿಮಗೆ ನಾನು ಹೇಳುವುದೇ? ಮೊದಲು ಮರ್ಗಿಲಾನಿನಲ್ಲಿ ನೂಲು ತೆಗೆಯುವುದನ್ನೂ ಅಟ್ಲಾಸ್ ಅನ್ನುವ ರೇಷ್ಮೆ ಬಟ್ಟೆ ನೇಯುವುದನ್ನೂ ನೋಡಿ, ಆಮೇಲೆ ಅಲ್ಲಿಯವರನ್ನೇ ಕೇಳಿಕೊಂಡು ಹಳ್ಳಿಗೆ ಹೋಗಿ. ಮೇ ಎರಡನೇ ವಾರದ ಆಸುಪಾಸು ಇರಲಿ, ತಡಮಾಡಿದರೆ ಗೂಡು ಬಿಡಿಸಿ ಆಗಿರುತ್ತೆ.

ಹಣ್ಣಾದ ಹುಳಕ್ಕೆ ಅವರು ಒಣಗಿದ ಪೊದೆಯ ಕಡ್ಡಿಗಳ ಕಟ್ಟು ನಿಲ್ಲಿಸುತ್ತಾರೆ, ಹುಳ ಅದನ್ನೇ ಹತ್ತಿ ಗೂಡು ಕಟ್ಟುತ್ತೆ. ಅದೇ ಕೆಲಸಕ್ಕೆ ನಮ್ಮಲ್ಲಿರುವ ಬಿದಿರಿನ ಚಂದ್ರಿಕೆಯನ್ನು ನಾನು ಗಾಳಿಯಲ್ಲಿ ಬೆರಳಾಡಿಸಿ, ಸುತ್ತು ಸುತ್ತಾಗಿ ಎಳೆದು ವಿವರಿಸಿದೆ. ಜಿಲೇಬಿ ಮಾಡೋದು ಹೇಗೆ ಅಂತ ಹೇಳುತ್ತಿದ್ದೇನೆ ಅಂದುಕೊಂಡಳು ಅಜ್ಜಿ. ನೀವು ನಿಮ್ಮ ಹುಳದ ಮನೆಯದ್ದು, ಗೂಡು ತುಂಬಿದ ಚಂದ್ರಿಕೆಯದ್ದು, ನಾಲ್ಕೈದು ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಫೋನಿನಲ್ಲಿ ಬೇಡ, ಕಾಗದದಲ್ಲಿ. ಕೊಟ್ಟು ಬರಲಿಕ್ಕೆ ಆಗುತ್ತೆ.

— ಸಂಪಾದಕ