ಕಿಡ್ನಿ ಕಸಿ ಆದವರಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಮಾಡಬಹುದಾ?

ಅಪ್ಪನಿಗೆ ಕಿಡ್ನಿ ಕಸಿಯಾಗಿ 12 ವರ್ಷ, ಈಗ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್, ಆಪರೇಷನ್ ತಡೆದುಕೊಳ್ತಾರಾ ಅಂತ ಕೇಳಿದ್ದೀರಿ. ಕಸಿ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಆಪರೇಷನ್ ಬೇಡ ಅನ್ನುವುದಿಲ್ಲ. ತಯಾರಿ ಮಾತ್ರ ಜಾಸ್ತಿ ಬೇಕು.

ಕಸಿ ಮಾಡಿದ ಕಿಡ್ನಿ ಬೆನ್ನಿನ ಕಡೆ ಇರುವುದಿಲ್ಲ, ಅಲ್ವಾ? ಕೆಳಹೊಟ್ಟೆಯಲ್ಲಿ, ಹೆಚ್ಚಾಗಿ ಬಲಗಡೆ, ಸೊಂಟದ ಮೂಳೆಯ ಒಳಮಗ್ಗುಲಿಗೆ ಕೂರಿಸಿರುತ್ತಾರೆ. ಗಡ್ಡೆಯೂ ಅದೇ ಕಡೆ ಇದ್ದರೆ ಸರ್ಜನ್‌ಗೆ ಕಷ್ಟ. ಆ ಕಿಡ್ನಿಯ ರಕ್ತನಾಳ, ಮೂತ್ರನಾಳ ಎಲ್ಲಿ ಹಾದಿವೆ ಅಂತ ಸ್ಕ್ಯಾನ್‌ನಲ್ಲಿ ನೋಡಿಕೊಂಡೇ ಕೈ ಹಾಕಬೇಕು.

ಇನ್ನು ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆ. ಅದರಲ್ಲಿ ಸಿರೋಲಿಮಸ್ ಇದ್ದರೆ ಗಾಯ ಬೇಗ ಮಾಯುವುದಿಲ್ಲ. ಅದಕ್ಕೇ ಮೊದಲೇ ಟ್ಯಾಕ್ರೋಲಿಮಸ್‌ಗೆ ಬದಲಾಯಿಸುವುದುಂಟು. ಇದನ್ನು ಕಿಡ್ನಿ ಡಾಕ್ಟರೇ ಹೇಳಬೇಕು. ನೀವೇ ಸುಮ್ನೆ ಮಾತ್ರೆ ನಿಲ್ಲಿಸಿದರೆ ದೇಹ ಕಿಡ್ನಿಯನ್ನೇ ತಿರಸ್ಕರಿಸಬಹುದು. ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಿಸಬೇಡಿ, ಕಿಡ್ನಿಗೆ ಪೆಟ್ಟು.

ನನ್ನ ಪ್ರಕಾರ ಜಾಸ್ತಿ ಎಚ್ಚರ ಬೇಕಿರುವುದು ಆಪರೇಷನ್ ಆದಮೇಲೆ. ಕಸಿಗಾಗಿ ಸ್ಟೀರಾಯ್ಡ್ ಮಾತ್ರೆಯನ್ನೂ ತೆಗೆದುಕೊಳ್ಳುವವರಲ್ಲಿ ಹೊಟ್ಟೆಯೊಳಗೆ ಕರುಳಿನ ಹೊಲಿಗೆ ಬಿಟ್ಟು ಸೋಂಕಾದರೂ ಜ್ವರ, ನೋವು ಅಷ್ಟಾಗಿ ಕಾಣಿಸದೇ ಇರಬಹುದು. ಅಪ್ಪ ಮಂಕಾಗಿದ್ದಾರೆ, ನಾಡಿ ಜೋರಾಗಿದೆ ಅನ್ನಿಸಿದರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ, ಆಗಲೇ ನರ್ಸ್‌ಗೆ ಹೇಳಿ.